ವಿಷಮ ಭಿನ್ನರಾಶಿ: ತಪ್ಪುವುದು ಎಲ್ಲಿ, ಸರಿಮಾಡಿಕೊಳ್ಳುವುದು ಹೇಗೆ?

3/4 ಕೊಟ್ಟರೆ ಮಕ್ಕಳಲ್ಲಿ ಯಾರಿಗೂ ತೊಂದರೆ ಇಲ್ಲ. ಒಂದು ಪಟ್ಟಿ ಬರೆದು, ನಾಲ್ಕು ಭಾಗ ಮಾಡಿ, ಮೂರಕ್ಕೆ ಬಣ್ಣ ತುಂಬಿಬಿಡುತ್ತಾರೆ. ಅದೇ 7/4 ಕೊಟ್ಟು ನೋಡಿ, ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. "ಇರೋದೇ ನಾಲ್ಕು ಭಾಗ, ಅದರಲ್ಲಿ ಏಳು ತಗೊಳ್ಳೋದು ಹೇಗೆ?" ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ಅವರಿಗೆ ಮೊದಲು ಹೇಳಿಕೊಟ್ಟ ಮಾತಿನಲ್ಲಿ. "ಇಷ್ಟು ಭಾಗ ಮಾಡು, ಅದರಲ್ಲಿ ಇಷ್ಟು ತಗೋ" ಎನ್ನುವ ವಿವರಣೆ ಒಂದನ್ನು ಮೀರದ ಭಿನ್ನರಾಶಿಗಷ್ಟೇ ಸರಿಹೊಂದುತ್ತದೆ. 7/4ರ ಹಾಗೆ ಮೇಲಿನ ಸಂಖ್ಯೆ ಕೆಳಗಿನದಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದು ವಿಷಮ ಭಿನ್ನರಾಶಿ.

ಇದನ್ನು ಸರಿಮಾಡದೆ ಸೀದಾ "ಭಾಗಿಸು, ಶೇಷವನ್ನು ಮೇಲೆ ಬರಿ" ಎಂಬ ಸೂತ್ರಕ್ಕೆ ಹಾರುವವರೇ ಜಾಸ್ತಿ. ಸೂತ್ರ ಪರೀಕ್ಷೆ ಮುಗಿಯುವ ತನಕ ನೆನಪಿರುತ್ತದೆ. ಆಮೇಲೆ ಶೇಷ ಎಲ್ಲಿಗೆ, ಭಾಗಲಬ್ಧ ಎಲ್ಲಿಗೆ ಎಂದು ಅದಲುಬದಲಾಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತ ತೀರಾ ಸುಲಭ ಅನ್ನಿಸಿದರೂ ಬಿಡಬೇಡಿ. ಮುಂದೆ ಬರುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಹುಟ್ಟುತ್ತವೆ.

## ಶುರು ಮಾಡುವ ಮುನ್ನ

ಚೌಕುಳಿ ಇರುವ ಒಂದು ನೋಟ್‌ಬುಕ್, ಒಂದು ಸ್ಕೇಲು, ಎರಡು ಬಣ್ಣದ ಪೆನ್ಸಿಲ್. ಇಷ್ಟು ಸಾಕು. ಕ್ಯಾಲ್ಕುಲೇಟರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ತಂದಿಡುವ ಒಂದು ಸಮಸ್ಯೆಯನ್ನು 5ನೇ ಹಂತದಲ್ಲಿ ಹೇಳುತ್ತೇನೆ.

ಎರಡು ವಿಷಯ ಮೊದಲೇ ಗೊತ್ತಿರಬೇಕು: ಮಗ್ಗಿ, ಮತ್ತು ಶೇಷ ಉಳಿಯುವ ಭಾಗಾಕಾರ. 17ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 2 ಎಂದು ತಡವರಿಸದೆ ಹೇಳಲು ಬಂದರೆ ಸಾಕು. ಬರದಿದ್ದರೆ ಮೊದಲು ಅದನ್ನು ಅಭ್ಯಾಸ ಮಾಡಿ. ಭಾಗಾಕಾರ ಬಾರದೆ ಭಿನ್ನರಾಶಿಯ ಜೊತೆ ಗುದ್ದಾಡುವುದು ಸುಮ್ನೆ ಕಾಲಹರಣ.

ಬರವಣಿಗೆಯ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಟೈಪ್ ಮಾಡುವ ಅನುಕೂಲಕ್ಕೆ ನಾನು 7/4 ಎಂದು ಓರೆ ಗೆರೆ ಹಾಕಿದ್ದೇನೆ. ಮಿಶ್ರ ಭಿನ್ನರಾಶಿಯನ್ನು, ಅಂದರೆ ಪೂರ್ಣ ಸಂಖ್ಯೆಯೂ ಭಿನ್ನರಾಶಿಯೂ ಸೇರಿ ಬರುವುದನ್ನು, 1 3/4 ಎಂದು ನಡುವೆ ಜಾಗ ಬಿಟ್ಟು ಬರೆದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಹೀಗೆ ಬರೆಯಬೇಡಿ. ಅಡ್ಡ ಗೆರೆ ಎಳೆದು ಮೇಲೊಂದು, ಕೆಳಗೊಂದು ಬರೆಯಿರಿ. ಪೂರ್ಣ ಸಂಖ್ಯೆಯನ್ನು ದೊಡ್ಡದಾಗಿ, ಗೆರೆಯ ಎಡಕ್ಕೆ ಬರೆಯಿರಿ. ಓರೆ ಗೆರೆ ಹಾಕಿ ಇಕ್ಕಟ್ಟಾಗಿ ಬರೆದ 1 3/4 ಮುಂದಿನ ಸಾಲಿಗೆ ಬರುವಷ್ಟರಲ್ಲಿ 13/4 ಆಗಿಬಿಡುತ್ತದೆ. ಲೆಕ್ಕ ಸರಿಯಾಗಿ ಮಾಡಿಯೂ ಉತ್ತರ ತಪ್ಪಾಗುವುದಕ್ಕೆ ಇದೊಂದು ದೊಡ್ಡ ಕಾರಣ.

## ಹಂತ 1: ಛೇದವನ್ನು ಮೊದಲು ಓದಿ

ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಕಣ್ಣು ತಾನಾಗಿಯೇ ಮೇಲಿನ ಸಂಖ್ಯೆಗೆ ಮೊದಲು ಹೋಗುತ್ತದೆ. ಅದನ್ನು ತಡೆದು ಕೆಳಗಿನಿಂದ ಓದುವ ಅಭ್ಯಾಸ ಮಾಡಿ.

ಛೇದ ಹೇಳುವುದು ತುಂಡಿನ ಅಳತೆಯನ್ನು. ಛೇದ 4 ಇದ್ದರೆ, ಒಂದು ಇಡಿಯನ್ನು ಸಮನಾಗಿ ನಾಲ್ಕು ಮಾಡಿದಾಗ ಸಿಗುವ ತುಂಡು, ಅಂದರೆ ಕಾಲು. ಅಂಶ ಹೇಳುವುದು ಅಂಥ ತುಂಡುಗಳು ಎಷ್ಟಿವೆ ಎಂಬುದನ್ನು. ಹಾಗಾದರೆ 7/4 ಅಂದರೆ ಏನು? ಏಳು ಕಾಲುಗಳು. ಅಷ್ಟೇ. ಯಾವುದೋ ಒಂದರೊಳಗಿಂದ ಏಳನ್ನು ಕೀಳಬೇಕಾಗಿಲ್ಲ. ತುಂಡುಗಳನ್ನು ಎಣಿಸುತ್ತಾ ಹೋದರೆ ಸಾಕು: ಒಂದು ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು, ಐದು ಕಾಲು... ಎಣಿಕೆ ನಾಲ್ಕಕ್ಕೆ ನಿಲ್ಲಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಗಡಿಯಾರದಲ್ಲಿ ಇದನ್ನು ಪರೀಕ್ಷಿಸಬಹುದು. ಕಾಲು ಗಂಟೆ ಅಂದರೆ 15 ನಿಮಿಷ. ಏಳು ಕಾಲು ಗಂಟೆ ಅಂದರೆ 105 ನಿಮಿಷ, ಅಂದರೆ 1 ಗಂಟೆ 45 ನಿಮಿಷ. 7/4 ಗಂಟೆಯೂ ಅದೇ, ಒಂದೂಮುಕ್ಕಾಲು ಗಂಟೆಯೂ ಅದೇ.

ಈ ಹಂತ ಮುಗಿದಿದೆ ಎಂದು ತಿಳಿಯುವುದು ಹೇಗೆ? 5/3, 9/2, 11/6 ಇವನ್ನು ತೋರಿಸಿ "ಇದು ಯಾವ ತುಂಡು? ಎಷ್ಟು ತುಂಡು?" ಎಂದು ಕೇಳಿ. "ಮೂರನೇ ಒಂದರ ತುಂಡು, ಐದು" ಎಂಬಂಥ ಉತ್ತರ ತಕ್ಷಣ ಬರಬೇಕು. "ಐದು ಬೈ ಮೂರು" ಎಂದಷ್ಟೇ ಬಂದರೆ ಗುರುತನ್ನು ಓದಿದ್ದಾರೆ, ಅರ್ಥವನ್ನಲ್ಲ.

## ಹಂತ 2: ಯಾವ ಬಗೆ ಎಂದು ಗುರುತಿಸಿ

ಅಂಶ ಛೇದಕ್ಕಿಂತ ಚಿಕ್ಕದಿದ್ದರೆ ಸಮ ಭಿನ್ನರಾಶಿ. ಅಂಶ ಛೇದಕ್ಕೆ ಸಮವಾಗಿದ್ದರೆ ಅಥವಾ ದೊಡ್ಡದಿದ್ದರೆ ವಿಷಮ ಭಿನ್ನರಾಶಿ. ಪೂರ್ಣ ಸಂಖ್ಯೆ ಮತ್ತು ಸಮ ಭಿನ್ನರಾಶಿ ಅಕ್ಕಪಕ್ಕ ಬಂದರೆ ಮಿಶ್ರ ಭಿನ್ನರಾಶಿ.

ಇಲ್ಲಿ ಜನ ತಪ್ಪುವುದು 5/5ರಲ್ಲಿ. "ಮೇಲಿನದು ದೊಡ್ಡದಿಲ್ಲವಲ್ಲ" ಎಂದು ಸಮ ಭಿನ್ನರಾಶಿಯ ಗುಂಪಿಗೆ ಹಾಕುತ್ತಾರೆ. 5/5 ಅಂದರೆ ಒಂದು ಇಡೀ. ಇಡಿಯನ್ನು ಮುಟ್ಟಿದ ಕೂಡಲೇ ಅದು ವಿಷಮ. 6/1 ಕೂಡ ವಿಷಮ ಭಿನ್ನರಾಶಿಯೇ, ಬೆಲೆ 6. ಇನ್ನು 5/0? ಅದು ಭಿನ್ನರಾಶಿಯೇ ಅಲ್ಲ. ಛೇದ ಸೊನ್ನೆ ಆಗುವಂತಿಲ್ಲ.

ಹೆಸರುಗಳಿಂದಲೂ ಗೊಂದಲ ಹುಟ್ಟುತ್ತದೆ. 4/6ರಲ್ಲಿ ಎರಡೂ ಸಮ ಸಂಖ್ಯೆಗಳು, ಹಾಗಾಗಿ ಸಮ ಭಿನ್ನರಾಶಿ ಎಂದು ಬರೆಯುವ ಮಕ್ಕಳಿದ್ದಾರೆ. ಉತ್ತರ ಸರಿ, ಕಾರಣ ತಪ್ಪು. ಅದೇ ತರ್ಕದಲ್ಲಿ 8/6 ಅನ್ನೂ ಸಮ ಎನ್ನುತ್ತಾರೆ. ಸಮಾನ ಭಿನ್ನರಾಶಿ ಅಂದರೆ ಇನ್ನೂ ಬೇರೆ: 1/2, 2/4, 3/6 ಹೀಗೆ ಬೆಲೆ ಒಂದೇ ಇರುವವು. ಈ ಮೂರನ್ನೂ ಒಂದೇ ದಿನ ಹೇಳಿಕೊಡದಿರುವುದು ಒಳ್ಳೆಯದು.

## ಹಂತ 3: ಪಟ್ಟಿ ಬರೆದು ನೋಡಿ

ಅವಸರ ಬೇಡದ ಹಂತ ಇದು. ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು ಇಲ್ಲೇ ಕೂತಿದೆ.

ನೋಟ್‌ಬುಕ್ಕಿನಲ್ಲಿ 8 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಬರೆಯಿರಿ. ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ಪ್ರತಿ ಪಟ್ಟಿಯನ್ನೂ 2 ಸೆಂ.ಮೀ.ನ ನಾಲ್ಕು ಭಾಗ ಮಾಡಿ. ಉದ್ದವನ್ನು 8 ಎಂದು ಆರಿಸಿದ್ದು ಸುಮ್ಮನೆ ಅಲ್ಲ, ನಾಲ್ಕರಿಂದ ಸರಿಯಾಗಿ ಭಾಗವಾಗಲಿ ಎಂದು. ಮೂರನೇ ಒಂದು ಬೇಕಿದ್ದರೆ 6 ಅಥವಾ 9 ಸೆಂ.ಮೀ. ತೆಗೆದುಕೊಳ್ಳಿ, ಐದನೇ ಒಂದಕ್ಕೆ 10. ಕಣ್ಣಂದಾಜಿನಲ್ಲಿ ಭಾಗ ಮಾಡಬೇಡಿ. ತುಂಡುಗಳು ಸಮ ಇಲ್ಲದಿದ್ದರೆ ಚಿತ್ರವೇ ಸುಳ್ಳು ಹೇಳುತ್ತದೆ.

ಈಗ ಮೊದಲ ಪಟ್ಟಿಯ ಎಡ ತುದಿಯಿಂದ ಏಳು ತುಂಡುಗಳಿಗೆ ಬಣ್ಣ ತುಂಬಿ. ಮೊದಲ ಪಟ್ಟಿ ಪೂರ್ತಿ, ಎರಡನೆಯದರಲ್ಲಿ ಮೂರು. ಒಂದು ಖಾಲಿ.

"ಬಣ್ಣ ತುಂಬಿದ್ದು ಎಷ್ಟು?" ಎಂದು ಕೇಳಿ ನೋಡಿ. ಬಹಳಷ್ಟು ಸಲ ಬರುವ ಉತ್ತರ 7/8. ಯಾಕೆಂದರೆ ಹಾಳೆಯ ಮೇಲೆ ಕಾಣುವ ಮನೆಗಳು ಎಂಟು, ತುಂಬಿದ್ದು ಏಳು. "ಒಟ್ಟು ಎಷ್ಟು, ತುಂಬಿದ್ದು ಎಷ್ಟು" ಎಂದು ಎಣಿಸುವ ಹಳೆಯ ಅಭ್ಯಾಸ ಕೈ ಹಿಡಿದು ಎಳೆಯುತ್ತದೆ.

ಇದನ್ನು "ತಪ್ಪು" ಎಂದು ಹೇಳಿ ಬಿಟ್ಟರೆ ಏನೂ ಬದಲಾಗುವುದಿಲ್ಲ. ಎರಡನೇ ಪಟ್ಟಿಯನ್ನು ಅಂಗೈಯಿಂದ ಮುಚ್ಚಿ. ಈಗ ಕಾಣುವುದು ಒಂದೇ ಪಟ್ಟಿ, ಪೂರ್ತಿ ಬಣ್ಣ ತುಂಬಿದ್ದು. "ಇದು ಎಷ್ಟು?" ಎಂದು ಕೇಳಿ. ಒಂದು, ಅಂದರೆ 4/4 ಎನ್ನುತ್ತಾರೆ. ಕೈ ತೆಗೆಯಿರಿ. ಇನ್ನೂ ಮೂರು ತುಂಡು ಸೇರಿತು. ಒಂದಕ್ಕಿಂತ ಜಾಸ್ತಿ ಆಗಬೇಕಲ್ವಾ? ಆದರೆ 7/8 ಒಂದಕ್ಕಿಂತ ಕಡಿಮೆ. ಅಲ್ಲಿಗೆ ಅವರಿಗೇ ಹೊಳೆಯುತ್ತದೆ.

ಛೇದ ಎಣಿಸುವುದು ಒಂದು ಇಡಿಯಲ್ಲಿರುವ ತುಂಡುಗಳನ್ನು, ಹಾಳೆಯ ಮೇಲಿರುವ ಎಲ್ಲ ತುಂಡುಗಳನ್ನಲ್ಲ. ಹಾಗಾಗಿ ಪಟ್ಟಿ ಬರೆಯುವ ಮೊದಲೇ ಪಕ್ಕದಲ್ಲಿ "ಇದು 1" ಎಂದು ಗುರುತು ಹಾಕುವುದು ಒಳ್ಳೆಯ ಅಭ್ಯಾಸ. ಎರಡನೇ ಪಟ್ಟಿಯ ಪಕ್ಕದಲ್ಲೂ "ಇದು ಇನ್ನೊಂದು 1" ಎಂದು ಬರೆಯಿರಿ. 5/3, 9/4, 12/5 ಇವುಗಳಿಗೂ ಹೀಗೇ ಪಟ್ಟಿ ಮಾಡಿ. ಎಷ್ಟು ಪಟ್ಟಿ ಬೇಕಾಗಬಹುದು ಎಂದು ಬರೆಯುವ ಮುನ್ನವೇ ಊಹಿಸಲು ಹೇಳಿ. 12/5ಕ್ಕೆ ಮೂರು ಪಟ್ಟಿ ಬೇಕು ಎಂದು ಗೆರೆ ಎಳೆಯದೆ ಹೇಳಿದರೆ, 5ನೇ ಹಂತದ ಭಾಗಾಕಾರ ಆಗಲೇ ತಲೆಯೊಳಗೆ ಶುರುವಾಗಿದೆ ಎಂದರ್ಥ.

## ಹಂತ 4: ಸಂಖ್ಯಾ ರೇಖೆಯ ಮೇಲೆ ಜಾಗ ಹುಡುಕಿ

ಪಟ್ಟಿ ಎಷ್ಟು ಎಂಬುದನ್ನು ತೋರಿಸುತ್ತದೆ. ಎಲ್ಲಿ ಎಂಬುದನ್ನು ತೋರಿಸುವುದು ಸಂಖ್ಯಾ ರೇಖೆ. 0, 1, 2, 3 ಎಂದು ಗುರುತಿಸಿ, ಪ್ರತಿ ಎರಡು ಸಂಖ್ಯೆಗಳ ನಡುವಿನ ಜಾಗವನ್ನು ನಾಲ್ಕು ಭಾಗ ಮಾಡಿ. 0ಯಿಂದ ಹೊರಟು ಏಳು ನೆಗೆತ ಹಾಕಿ. 2ಕ್ಕೆ ಒಂದು ನೆಗೆತ ಮೊದಲು ನಿಲ್ಲುತ್ತೀರಿ. ಅದು 7/4.

ಇಲ್ಲಿ ಎರಡು ತಪ್ಪು ಕಾಣಿಸುತ್ತವೆ. ಒಂದು, ನೆಗೆತದ ಬದಲು ಗೀಟುಗಳನ್ನು ಎಣಿಸುವುದು. 0ಯ ಗೀಟನ್ನೇ "ಒಂದು" ಎಂದು ಎಣಿಸಿದರೆ 6/4ರಲ್ಲಿ ನಿಲ್ಲುತ್ತೀರಿ. ಇನ್ನೊಂದು, 0ಯಿಂದ 3ರ ತನಕ ಇರುವ ಇಡೀ ಗೆರೆಯನ್ನು ನಾಲ್ಕು ಭಾಗ ಮಾಡುವುದು. ಇದು ಹಿಂದಿನ ಹಂತದ 7/8 ತಪ್ಪಿನ ತಮ್ಮ.

ಬೇರೆ ರೇಖೆ ಬರೆಯಲು ಬೇಸರವಾದರೆ ಸ್ಕೇಲನ್ನೇ ನೋಡಿ. ಒಂದು ಸೆಂ.ಮೀ.ನಲ್ಲಿ 10 ಮಿ.ಮೀ. ಇದೆ, ಅಂದರೆ ಒಂದೊಂದು ಮಿ.ಮೀ. 1/10 ಸೆಂ.ಮೀ. 27ನೇ ಚಿಕ್ಕ ಗೀಟಿನ ಮೇಲೆ ಪೆನ್ಸಿಲ್ ತುದಿ ಇಡಿ. 27/10 ಸೆಂ.ಮೀ. ಎಂದರೂ ಅದೇ, 2 ಸೆಂ.ಮೀ. ದಾಟಿ 7 ಗೀಟು ಎಂದರೂ ಅದೇ. ಮಿಶ್ರ ರೂಪ ಬೇರೆ ಸಂಖ್ಯೆಯಲ್ಲ, ಅದೇ ಜಾಗದ ಇನ್ನೊಂದು ಹೆಸರು.

## ಹಂತ 5: ವಿಷಮದಿಂದ ಮಿಶ್ರಕ್ಕೆ

ಈಗ ಸೂತ್ರಕ್ಕೆ ಬರಬಹುದು. 17/5 ತೆಗೆದುಕೊಳ್ಳೋಣ.

1. ಅಂಶವನ್ನು ಛೇದದಿಂದ ಭಾಗಿಸಿ. 17 ÷ 5, ಭಾಗಲಬ್ಧ 3, ಶೇಷ 2.
2. ಭಾಗಲಬ್ಧವನ್ನು ಪೂರ್ಣ ಸಂಖ್ಯೆಯಾಗಿ ಎಡಕ್ಕೆ ಬರೆಯಿರಿ: 3.
3. ಶೇಷವನ್ನು ಅಂಶವಾಗಿ ಬರೆಯಿರಿ: 2.
4. ಛೇದವನ್ನು ಹಾಗೇ ಇಳಿಸಿ: 5. ಉತ್ತರ 3 2/5.

ಯಾಕೆ ಹೀಗೆ? ನಿಮ್ಮ ಬಳಿ ಐದನೇ ಒಂದರ ತುಂಡುಗಳು 17 ಇವೆ. ಐದೈದು ಸೇರಿದರೆ ಒಂದೊಂದು ಇಡೀ. ಮೂರು ಇಡೀ ಕಟ್ಟಲು 15 ತುಂಡು ಖರ್ಚಾಯಿತು. ಎರಡು ತುಂಡು ಉಳಿಯಿತು. ಉಳಿದದ್ದೂ ಅದೇ ಅಳತೆಯ ತುಂಡು. ಹಾಗಾಗಿಯೇ ಛೇದ ಬದಲಾಗುವುದಿಲ್ಲ. ತುಂಡುಗಳನ್ನು ಗುಂಪು ಮಾಡಿದ್ದೀರಿ, ಯಾವುದನ್ನೂ ಮತ್ತೆ ಕತ್ತರಿಸಿಲ್ಲ.

ಈ ಹಂತದ ತಪ್ಪುಗಳು:

3 2/17 ಎಂದು ಬರೆಯುವುದು. ಭಾಗಿಸಿದ ಮೇಲೆ ಹಳೆಯ ಅಂಶವನ್ನು ಕೆಳಕ್ಕೆ ತಳ್ಳಿರುತ್ತಾರೆ. ಛೇದ ಬದಲಾಗಿದೆ ಅಂದರೆ ಅಲ್ಲೇ ನಿಲ್ಲಿ.

2 3/5 ಎಂದು ಬರೆಯುವುದು. ಶೇಷ, ಭಾಗಲಬ್ಧ ಅದಲುಬದಲು. 15/5 ಅಂದರೆ 3, ನಮ್ಮಲ್ಲಿ 17/5 ಇದೆ. ಉತ್ತರ 3ಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ.

2 7/5ಕ್ಕೆ ನಿಲ್ಲಿಸುವುದು. ಬೆಲೆ ತಪ್ಪಲ್ಲ, ಆದರೆ ಕೆಲಸ ಅರ್ಧ ಆಗಿದೆ. 7/5ರೊಳಗೆ ಇನ್ನೂ ಒಂದು ಇಡೀ ಅಡಗಿದೆ. ಶೇಷ ಯಾವಾಗಲೂ ಛೇದಕ್ಕಿಂತ ಚಿಕ್ಕದಿರಬೇಕು.

ಇನ್ನು ಕ್ಯಾಲ್ಕುಲೇಟರ್ ಕಥೆ. 17 ÷ 5 ಒತ್ತಿದರೆ 3.4 ಬರುತ್ತದೆ. ಅದನ್ನು ನೋಡಿ 3 4/5 ಎಂದು ಬರೆದುಬಿಡುತ್ತಾರೆ. ಬಿಂದುವಿನ ಮುಂದಿನ 4 ಅಂದರೆ 4/10, ನಾಲ್ಕು ಹತ್ತನೇ ಒಂದುಗಳು. ಸಂಕ್ಷೇಪಿಸಿದರೆ, ಅಂದರೆ ಮೇಲಿನದನ್ನೂ ಕೆಳಗಿನದನ್ನೂ 2ರಿಂದ ಭಾಗಿಸಿದರೆ, 2/5. ದಶಮಾಂಶದ ಅಂಕಿಯೂ ಶೇಷವೂ ಒಂದೇ ಅಲ್ಲ. ಛೇದ 10 ಇದ್ದಾಗ ಎರಡೂ ಒಂದೇ ಕಾಣುತ್ತವೆ, ಹಾಗಾಗಿ ಈ ತಪ್ಪು ಬಹಳ ದಿನ ಸಿಕ್ಕಿಬೀಳುವುದಿಲ್ಲ.

ಶೇಷ 0 ಬಂದರೆ? 24/6 ಸೀದಾ 4. "4 0/6" ಎಂದು ಬರೆಯಬೇಕಾಗಿಲ್ಲ. ಭಾಗಲಬ್ಧವೇ 0 ಬಂದರೆ ಅದು ಮೊದಲಿನಿಂದಲೂ ಸಮ ಭಿನ್ನರಾಶಿ, 2ನೇ ಹಂತವನ್ನು ಹಾರಿಸಿದ್ದೀರಿ.

ದೊಡ್ಡ ಸಂಖ್ಯೆಗೂ ಇದೇ ದಾರಿ. 143/12: 12 × 11 = 132, ಉಳಿದದ್ದು 11. ಉತ್ತರ 11 11/12. ಇಂಥ ಉತ್ತರ ಬಂದಾಗ "ಎರಡು ಸಲ ಒಂದೇ ಸಂಖ್ಯೆ ಬಂತಲ್ಲ" ಎಂದು ಹೆದರಿ ಅಳಿಸುವವರಿದ್ದಾರೆ. ಅಳಿಸಬೇಡಿ, ಅದು ಸರಿ.

## ಹಂತ 6: ಮಿಶ್ರದಿಂದ ವಿಷಮಕ್ಕೆ

ಇದು ಅದೇ ದಾರಿಯಲ್ಲಿ ವಾಪಸು ಬರುವುದು. ಆದರೂ ಇಲ್ಲಿ ತಪ್ಪು ಇನ್ನೂ ಜಾಸ್ತಿ. ಕಾರಣ, 4 2/3ರಲ್ಲಿ ನಾಲ್ಕಕ್ಕೂ 2/3ಕ್ಕೂ ನಡುವೆ ಒಂದು ಕೂಡಿಸುವ ಚಿಹ್ನೆ ಅಡಗಿದೆ, ಅದು ಕಣ್ಣಿಗೆ ಕಾಣುವುದಿಲ್ಲ. 4 2/3 ಅಂದರೆ 4 + 2/3. ನಾವು "ಒಂದೂಮುಕ್ಕಾಲು", "ಎರಡೂವರೆ" ಎನ್ನುವಾಗ ನಡುವೆ ಬರುವ "ಊ" ಆ ಕೂಡಿಸುವ ಕೆಲಸವನ್ನೇ ಮಾಡುತ್ತದೆ. ಬೀಜಗಣಿತ ಶುರುವಾದ ಮೇಲೆ ಪಕ್ಕಪಕ್ಕ ಬರೆದರೆ ಗುಣಾಕಾರ ಎಂದು ಕಲಿಯುತ್ತಾರೆ, ಆಗ ಗೊಂದಲ ಇನ್ನಷ್ಟು. ಹಾಗಾಗಿ ಮೊದಮೊದಲು ಕೂಡಿಸುವ ಚಿಹ್ನೆಯನ್ನು ಬರೆದೇ ಮುಂದುವರಿಯಿರಿ.

1. ಪೂರ್ಣ ಸಂಖ್ಯೆಯನ್ನು ಛೇದದಿಂದ ಗುಣಿಸಿ: 4 × 3 = 12. ನಾಲ್ಕು ಇಡಿಗಳನ್ನು ಒಡೆದರೆ ಮೂರನೇ ಒಂದರ ಹನ್ನೆರಡು ತುಂಡು.
2. ಅಂಶವನ್ನು ಕೂಡಿಸಿ: 12 + 2 = 14. ಮೊದಲೇ ಇದ್ದ ಎರಡು ತುಂಡು ಸೇರಿತು.
3. ಛೇದವನ್ನು ಹಾಗೇ ಬರೆಯಿರಿ: 14/3.

ಗುಣಾಕಾರ ಮೊದಲು, ಕೂಡುವುದು ಆಮೇಲೆ. ಕೆಳಗಿನ ಸಂಖ್ಯೆಯಿಂದ ಹೊರಟು, ಎಡಕ್ಕೆ ಹೋಗಿ, ಮೇಲಕ್ಕೆ ಬನ್ನಿ. ಈ ದಾರಿ ತಪ್ಪಿದರೆ 11/3 ಬರುತ್ತದೆ (4 × 2 + 3), ಇಲ್ಲವೇ 6/3 ಬರುತ್ತದೆ (4 + 2). ಛೇದವನ್ನೇ ಮರೆತು ಬರೀ 14 ಬರೆಯುವವರೂ ಇದ್ದಾರೆ.

ತಪ್ಪು ಹಿಡಿಯಲು ಒಂದು ಬೇಲಿ ಹಾಕಿಕೊಳ್ಳಿ. 4 2/3 ಇರಬೇಕಾದದ್ದು 4 ಮತ್ತು 5ರ ನಡುವೆ. ಮೂರನೇ ಒಂದರ ಲೆಕ್ಕದಲ್ಲಿ 4 ಅಂದರೆ 12/3, 5 ಅಂದರೆ 15/3. ಹಾಗಾದರೆ ಉತ್ತರದ ಅಂಶ 13 ಅಥವಾ 14 ಮಾತ್ರ ಆಗಲು ಸಾಧ್ಯ. 11 ಬಂತೆಂದರೆ ಬೇಲಿಯ ಹೊರಗಿದೆ. ಈ ಪರೀಕ್ಷೆಗೆ ಸ್ವಲ್ಪ ಹೊತ್ತು ಸಾಕು. ಆದರೂ ಇದನ್ನು ಮಾಡುವವರು ಕಡಿಮೆ.

## ಹಂತ 7: ಸಂಕ್ಷೇಪಿಸುವುದು

42/12 ಇದೆ. ಮೊದಲು ಸಂಕ್ಷೇಪಿಸಬೇಕೋ, ಮೊದಲು ಮಿಶ್ರ ಮಾಡಬೇಕೋ? ಯಾವುದಾದರೂ ಸರಿ. 6ರಿಂದ ಎರಡನ್ನೂ ಭಾಗಿಸಿದರೆ 7/2, ಅಂದರೆ 3 1/2. ಮೊದಲು ಮಿಶ್ರ ಮಾಡಿದರೆ 3 6/12, ಅದೂ 3 1/2. ಸಂಖ್ಯೆ ದೊಡ್ಡದಿದ್ದಾಗ ಮೊದಲು ಸಂಕ್ಷೇಪಿಸಿದರೆ ಭಾಗಾಕಾರ ಹಗುರಾಗುತ್ತದೆ. ನಾನು ಹೇಳಿಕೊಡುವುದಾದರೆ ಆ ಕ್ರಮವನ್ನೇ ಹೇಳುತ್ತೇನೆ.

ಒಂದು ಅಪಾಯ ಮಾತ್ರ ಇದೆ. 6 5/12 ಕಂಡಾಗ ಎಡಗಡೆಯ 6ನ್ನೂ ಕೆಳಗಿನ 12ನ್ನೂ "ಹೊಡೆದುಹಾಕಿ" 1 5/2 ಎಂದು ಬರೆಯುವುದು. ಪೂರ್ಣ ಸಂಖ್ಯೆ ಗೆರೆಯ ಹೊರಗಿದೆ, ಅದನ್ನು ಛೇದದ ಜೊತೆ ಹೊಡೆಯುವಂತಿಲ್ಲ. 6 5/12 ಆರಕ್ಕಿಂತ ಜಾಸ್ತಿ, 1 5/2 ಬರೀ ಮೂರೂವರೆ. ಎಲ್ಲಿಂದ ಎಲ್ಲಿಗೆ!

## ಹಂತ 8: ಹೋಲಿಸುವುದು

9/4 ದೊಡ್ಡದೋ 16/5 ದೊಡ್ಡದೋ? ಲ.ಸಾ.ಅ. (ಎರಡೂ ಛೇದಗಳಿಂದ ಸರಿಯಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಹುಡುಕಲು ಹೋಗಬೇಡಿ. 9/4ರಲ್ಲಿ ಎರಡು ಇಡೀ, 16/5ರಲ್ಲಿ ಮೂರು ಇಡೀ. ಮುಗಿಯಿತು.

11/4 ಮತ್ತು 13/5 ಬಂದರೆ ಎರಡರಲ್ಲೂ ಎರಡೆರಡು ಇಡೀ: 2 3/4 ಮತ್ತು 2 3/5. ಉಳಿದದ್ದು ಎರಡರಲ್ಲೂ ಮೂರು ತುಂಡು, ಆದರೆ ಕಾಲಿನ ತುಂಡು ಐದನೇ ಒಂದರ ತುಂಡಿಗಿಂತ ದೊಡ್ಡದು. ಹಾಗಾಗಿ 11/4 ದೊಡ್ಡದು. "13 ದೊಡ್ಡದು, 5 ದೊಡ್ಡದು, ಆದ್ದರಿಂದ 13/5" ಎಂದು ಬಂದರೆ ಅದು ಎಚ್ಚರಿಕೆಯ ಗಂಟೆ. 1ನೇ ಹಂತಕ್ಕೆ ವಾಪಸು ಹೋಗಿ.

## ಹಂತ 9: ಕೂಡಿ, ಕಳೆದು, ಗುಣಿಸಿ, ಭಾಗಿಸುವಾಗ

ವಿಷಮ ಭಿನ್ನರಾಶಿ ಎಂದರೆ ಏನೋ ದೋಷ, ಕೂಡಲೇ ಮಿಶ್ರ ಮಾಡಿ ಸರಿಪಡಿಸಬೇಕು ಎಂಬ ಭಾವನೆ ಹಲವರಲ್ಲಿದೆ. ನನಗೆ ಅದು ಒಪ್ಪಿಗೆ ಇಲ್ಲ. ಅಳತೆ ಹೇಳುವುದಕ್ಕೆ ಮಿಶ್ರ ರೂಪ ಚೆನ್ನ, ಲೆಕ್ಕ ಮಾಡುವುದಕ್ಕೆ ವಿಷಮ ರೂಪ ಚೆನ್ನ. ಪ್ರಶ್ನೆಯಲ್ಲಿ ಮಿಶ್ರ ರೂಪದಲ್ಲಿ ಉತ್ತರ ಕೇಳಿದ್ದರೆ ಕೊನೆಯ ಸಾಲಿನಲ್ಲಿ ಬದಲಾಯಿಸಿ. ನಡುವೆ ಬೇಡ.

ಕೂಡುವುದು. 7/3 + 5/4. ತುಂಡುಗಳ ಅಳತೆ ಬೇರೆ ಬೇರೆ. ಎರಡನ್ನೂ ಹನ್ನೆರಡನೇ ಒಂದರ ತುಂಡು ಮಾಡಿ: 28/12 + 15/12 = 43/12 = 3 7/12. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದವರಿಗೆ 12/7 ಬರುತ್ತದೆ. ಅದು ಎರಡಕ್ಕಿಂತ ಕಡಿಮೆ. 7/3 ಒಂದೇ ಎರಡನ್ನು ದಾಟಿತ್ತು. ಕೂಡಿಸಿದ ಮೇಲೆ ಕಡಿಮೆ ಆಗುವುದುಂಟೇ?

ಕಳೆಯುವುದು. 5 1/4 − 2 3/4. ಇಲ್ಲಿ 1ರಿಂದ 3 ಹೋಗುವುದಿಲ್ಲ ಎಂದು, ತಿರುಗಿಸಿ 3ರಿಂದ 1 ಕಳೆದು 3 2/4 ಎಂದು ಬರೆಯುವುದು ಮಾಮೂಲಿ ತಪ್ಪು. ವಿಷಮ ರೂಪಕ್ಕೆ ತಂದರೆ ಸಾಲ ತೆಗೆದುಕೊಳ್ಳುವ ಗೊಡವೆಯೇ ಇಲ್ಲ: 21/4 − 11/4 = 10/4 = 5/2 = 2 1/2.

ಗುಣಿಸುವುದು. 2 1/2 × 1 1/3. ಪೂರ್ಣಕ್ಕೆ ಪೂರ್ಣ, ಭಾಗಕ್ಕೆ ಭಾಗ ಗುಣಿಸಿ 2 1/6 ಎಂದು ಬರೆಯುವವರು ಬಹಳ. ಅದು ಯಾಕೆ ತಪ್ಪು ಎಂದು ಚೌಕುಳಿ ಹಾಳೆಯಲ್ಲಿ ನೋಡೋಣ. ಎರಡೂವರೆ ಉದ್ದ, ಒಂದೂ ಮೂರನೇ ಒಂದು ಅಗಲದ ಆಯತ ಬರೆಯಿರಿ. ಉದ್ದದಲ್ಲಿ 2ರ ಬಳಿ ಒಂದು ಗೆರೆ, ಅಗಲದಲ್ಲಿ 1ರ ಬಳಿ ಒಂದು ಗೆರೆ ಎಳೆಯಿರಿ. ಆಯತ ನಾಲ್ಕು ಭಾಗವಾಯಿತು. ಅವುಗಳ ವಿಸ್ತೀರ್ಣ 2, 2/3, 1/2, 1/6. ತಪ್ಪು ಉತ್ತರದಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಇವೆ, ನಡುವಿನ ಎರಡು ಭಾಗ ಬಿಟ್ಟುಹೋಗಿವೆ. ನಾಲ್ಕನ್ನೂ ಆರನೇ ಒಂದರ ತುಂಡು ಮಾಡಿ ಕೂಡಿಸಿ: 12/6 + 4/6 + 3/6 + 1/6 = 20/6. ಈಗ ವಿಷಮ ರೂಪದಲ್ಲಿ ಗುಣಿಸಿ: 5/2 × 4/3 = 20/6. ಒಂದೇ ಸಾಲಿನಲ್ಲಿ ನಾಲ್ಕೂ ಭಾಗ ಬಂದವು. ಸಂಕ್ಷೇಪಿಸಿದರೆ 10/3, ಅಂದರೆ 3 1/3.

ಭಾಗಿಸುವುದು. 3 1/2 ÷ 1 3/4. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂಬುದು ನೆನಪಿರುತ್ತದೆ, ಆದರೆ 1 3/4ನ್ನು 1 4/3 ಎಂದು ತಿರುಗಿಸುತ್ತಾರೆ. ಮೊದಲು ವಿಷಮ ರೂಪ, ಆಮೇಲೆ ತಿರುಗಿಸುವುದು: 7/2 ÷ 7/4 = 7/2 × 4/7 = 2. ಮೂರೂವರೆಯಲ್ಲಿ ಒಂದೂಮುಕ್ಕಾಲು ಎರಡು ಸಲ ಇದೆ. ಬಾಯಲ್ಲಿ ಹೇಳಿದರೂ ಸರಿ ಅನ್ನಿಸುತ್ತದೆ.

ಋಣ ಸಂಖ್ಯೆ ಬಂದರೆ ಚಿಹ್ನೆಯನ್ನು ಹೊರಗಿಟ್ಟು ಲೆಕ್ಕ ಮಾಡಿ, ಕೊನೆಗೆ ಹಚ್ಚಿ. −7/3 ಅಂದರೆ −2 1/3, ಅಂದರೆ −(2 + 1/3). ಅದನ್ನು −2 + 1/3 ಎಂದು ಓದಿದರೆ −5/3 ಆಗಿಬಿಡುತ್ತದೆ.

## ಹಂತ 10: ಅಭ್ಯಾಸ, ಮತ್ತು ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ನೋಡುವುದು

ಉತ್ತರ ಮುಚ್ಚಿಟ್ಟು ಇವನ್ನು ಮಾಡಿ.

1. 9/4 ಮಿಶ್ರ ರೂಪಕ್ಕೆ
2. 20/5 ಮಿಶ್ರ ರೂಪಕ್ಕೆ
3. 5/6 ಮಿಶ್ರ ರೂಪಕ್ಕೆ
4. 58/9 ಮಿಶ್ರ ರೂಪಕ್ಕೆ
5. 6 3/7 ವಿಷಮ ರೂಪಕ್ಕೆ
6. 10 1/10 ವಿಷಮ ರೂಪಕ್ಕೆ
7. 3 8/12 ಸಂಕ್ಷೇಪಿಸಿ, ವಿಷಮ ರೂಪಕ್ಕೆ
8. 4 1/6 − 1 5/6
9. 1 1/2 × 2 2/3

ಉತ್ತರಗಳು ಕ್ರಮವಾಗಿ: 2 1/4, 4, ಬದಲಾಯಿಸಲು ಏನೂ ಇಲ್ಲ, 6 4/9, 45/7, 101/10, 11/3, 2 1/3, 4.

ಮೂರನೆಯದು ಬೇಕೆಂದೇ ಇಟ್ಟದ್ದು. ಅದಕ್ಕೆ 1 1/6 ಎಂದು ಬರೆದಿದ್ದರೆ ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸುವ ಅಭ್ಯಾಸ ಕೈಗೆ ಅಂಟಿಕೊಂಡಿದೆ, ಮೇಲೆ ಕೆಳಗೆ ನೋಡುತ್ತಿಲ್ಲ. 2ನೇ ಹಂತ ಮತ್ತೆ ಮಾಡಿ. ಎರಡನೆಯದಕ್ಕೆ 4 5/5 ಅಥವಾ 4 1/5 ಬಂದಿದ್ದರೆ ಶೇಷ 0 ಅಂದರೆ ಏನೂ ಉಳಿದಿಲ್ಲ ಎಂಬುದು ಮನಸ್ಸಿಗೆ ಇಳಿದಿಲ್ಲ, ಪಟ್ಟಿ ಬರೆಯಿರಿ. ಆರನೆಯದಕ್ಕೆ 21/10 ಬಂದಿದ್ದರೆ ಗುಣಿಸುವ ಜಾಗದಲ್ಲಿ ಕೂಡಿಸಿದ್ದೀರಿ. ಎಂಟನೆಯದಕ್ಕೆ 3 4/6 ಬಂದಿದ್ದರೆ ಚಿಕ್ಕದರಿಂದ ದೊಡ್ಡದು ಹೋಗದಿದ್ದಾಗ ತಿರುಗಿಸಿ ಕಳೆದಿದ್ದೀರಿ. ಒಂಬತ್ತನೆಯದಕ್ಕೆ 2 2/6 ಬಂದಿದ್ದರೆ ಆಯತವನ್ನು ಇನ್ನೊಮ್ಮೆ ಬರೆದು ಬಿಟ್ಟುಹೋದ ಎರಡು ಭಾಗಗಳಿಗೆ ಬಣ್ಣ ತುಂಬಿ.

ಒಂಬತ್ತೂ ಸರಿ ಬಂದರೆ ಮರುದಿನ ಅವೇ ಲೆಕ್ಕಗಳನ್ನು ಕಲೆಸಿ, ಉಲ್ಟಾ ಕ್ರಮದಲ್ಲಿ ಮಾಡಿಸಿ. ಒಂದೇ ಬಗೆಯವು ಸಾಲಾಗಿ ಬಂದಾಗ ಕೈ ತನ್ನಷ್ಟಕ್ಕೆ ಓಡುತ್ತದೆ. ಬೇರೆ ಬೇರೆ ಬಗೆಯವು ಕಲೆತು ಬಂದಾಗ ಮಾತ್ರ "ಇದು ಯಾವ ತುಂಡು, ಎಷ್ಟು ತುಂಡು" ಎಂದು ಪ್ರತಿ ಸಲ ಕೇಳಿಕೊಳ್ಳಬೇಕಾಗುತ್ತದೆ.